ಬೀಜದ ಪಾಲು

ಎಂಟು ವರ್ಷದ ಸಂಸಾರದಲ್ಲಿ ನಮ್ಮತ್ತೆ ನನ್ನನ್ನು ಹೊಗಳಿದ್ದು ಒಂದೇ ಸಲ, ಅದೂ ಫೋನಿನಲ್ಲಿ. ಆ ಹೊಗಳಿಕೆ ಕೇಳಿ ನಾನು ಆಫೀಸು ಬಿಟ್ಟು ಓಡಿದೆ.

ಅವತ್ತು ಎಳ್ಳಮವಾಸ್ಯೆ, ಶುಕ್ರವಾರ. ನಮ್ಮ ಕಲಬುರಗಿ ಕಡೆಯವರಿಗೆ ಇದು ದೊಡ್ಡ ಹಬ್ಬ, ಆದರೆ ಹೈದರಾಬಾದಿನ ಆಫೀಸುಗಳಿಗೆ ಅದರ ಗಾಳಿಯೂ ಸೋಕಿಲ್ಲ. ರಜೆ ಕೇಳಿದರೆ ನಮ್ಮ ಮ್ಯಾನೇಜರ್ “ಅಮಾವಾಸ್ಯೆಗೆಲ್ಲ ರಜೆಯಾ?” ಎಂದು ನಕ್ಕಿದ್ದ. ಹಾಗಾಗಿ ಗಚ್ಚಿಬೌಲಿಯ ಇನ್ಶೂರೆನ್ಸ್ ಆಫೀಸಿನ ನಾಲ್ಕನೇ ಮಹಡಿಯಲ್ಲಿ ಕೂತು ಯಾರದೋ ಕಾರಿನ ಕ್ಲೇಮು ನೋಡುತ್ತಿದ್ದೆ. ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಅತ್ತೆಯ ಫೋನು ಬಂತು.

“ಶಿವದೇವಿ, ಊಟಾ ಆತೇನು?”

“ಇನ್ನೂ ಇಲ್ರೀ ಅತ್ತೀ. ಭಜ್ಜಿ ಆತೇನ್ರಿ?” ನಮ್ಮ ಕಡೆ ಭಜ್ಜಿ ಎಂದರೆ ಕರಿದ ತಿಂಡಿಯಲ್ಲ, ಕಾಳು ಸೊಪ್ಪು ಕೂಡಿಸಿ ಬೇಯಿಸುವ ಹಬ್ಬದ ಅಡುಗೆ.

“ಆತು. ಗಡಿಗಿ ತಗೊಂಡು ಪ್ಲಾಟಿಗೆ ಬಂದೀವಿ. ನಾ ಯಾಕ ಫೋನ್ ಮಾಡಿದೆ ಅಂದ್ರ, ಕಪಾಟಿನ್ಯಾಗ ಸೀರಿ ಹಿಂದ ನೀ ಅವರಿ ಬೀಜ ಇಟ್ಟಿದ್ದೆಲ್ಲ, ಆ ಬಾಟಲಿ ಸಿಕ್ತು. ಬೂದಿ ಹಾಕಿ ಎಷ್ಟು ಚಂದ ಇಟ್ಟೀಯವಾ. ಸಣ್ಣಗ ಸಾಣಿಸಿದ ಬೂದಿ. ಒಂದು ಕಾಳಿಗೂ ಹುಳಾ ಇಲ್ಲ. ನನ್ನ ಮಾತು ಈಕಿ ಕಿವಿಗೆ ಬೀಳೂದಿಲ್ಲ ಅಂದ್ಕೊಂಡಿದ್ದೆ. ಬಿದ್ದೈತಿ. ಇಲ್ಲಿ ಎಲ್ಲಾರ ಮುಂದೂ ಅದನ್ನ ಹೇಳಾಕತ್ತೀನಿ.”

ಅವರೇ ಮುಂದುವರಿಸಿದರು.

“ಅದರಾಗಿಂದ ಒಂದು ಬೊಗಸಿ ತಗದು, ತೊಳದು, ನೆನಿಸಿ ಭಜ್ಜಿಗೆ ಹಾಕೀನಿ. ಬೀಜದ ಪಾಲು.”

ಅದು ಬೂದಿಯಲ್ಲ. ಕಾಳಿಗೆ ಹುಳ ಬೀಳದಂತೆ ಹಾಕುವ ವಿಷದ ಪುಡಿ. ಹಾಕಿದವಳು ನಾನೇ.

ಹೀಗೇಕಾಯಿತೆಂದು ಹೇಳಬೇಕಾದರೆ ಹೋದ ವರ್ಷಕ್ಕೆ ಹೋಗಬೇಕು. ನಮ್ಮತ್ತೆ ಗುರುಬಾಯಿ ಎರಡು ವರ್ಷದ ಹಿಂದೆ ಆಳಂದ ಕಡೆಯ ಊರಿನಿಂದ ಮಣಿಕೊಂಡದ ನಮ್ಮ ಫ್ಲ್ಯಾಟಿಗೆ ಬಂದರು. ಬರುವಾಗ ಒಂದು ಗಂಟಿನಲ್ಲಿ ಚಪ್ಪರದವರೆಯ ಬೀಜ ತಂದರು. ಅವರ ಅತ್ತೆಯ ಕಾಲದಿಂದ ನಡೆದು ಬಂದ ಬೀಜವಂತೆ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಖಾಲಿ ಪ್ಲಾಟನ್ನು ಕಾಯುವ ಸಂಗಣ್ಣ ಮತ್ತು ಬಂಡೆಮ್ಮ ಸುರಪುರ ಕಡೆಯವರು. ಬಂಡೆಮ್ಮ ನಮ್ಮ ಮನೆಯ ಕೆಲಸಕ್ಕೂ ಬರುತ್ತಾಳೆ. ತಮ್ಮ ಭಾಷೆಯವರು ಸಿಕ್ಕಿದ್ದೇ ತಡ, ಅತ್ತೆ ಆ ಪ್ಲಾಟಿನ ತಂತಿಬೇಲಿಯ ಉದ್ದಕ್ಕೂ ಅವರೆ ಹಬ್ಬಿಸಿದರು. ಚೆನ್ನಾಗಿ ಕಾಯಿ ಬಿಟ್ಟಿತು. ಒಣಗಿದ ಕಾಯಿ ಸುಲಿದು ಬೀಜ ಇಡುವ ಹೊತ್ತಿಗೆ ಜಗಳ ಶುರುವಾಯಿತು.

ಅತ್ತೆಗೆ ಬೂದಿ ಬೇಕು. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು? ಕೊನೆಗೆ ಕೆಳಗಿನ ಇಸ್ತ್ರಿಯವನ ಇದ್ದಿಲ ಬೂದಿಯನ್ನೇ ತರಿಸಿದರು. ಅದು ಹಸಿಯೋ ಒಣವೋ ದೇವರೇ ಬಲ್ಲ. ಕಾಳಿಗೆ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟರು. ಮಳೆಗಾಲದಲ್ಲಿ ಒಂದು ದಿನ ಪಕ್ಕದ ಮನೆಯವರಿಗೆ ತೋರಿಸಲೆಂದು ನಾನು ಆ ಬಟ್ಟೆ ಬಿಚ್ಚಿದೆ, ಮತ್ತೆ ಸರಿಯಾಗಿ ಕಟ್ಟಲಿಲ್ಲ. ಬಿತ್ತುವ ಹೊತ್ತಿಗೆ ಡಬ್ಬಿ ತೆಗೆದರೆ ಕಾಳಿಗೊಂದೊಂದು ತೂತು, ಡಬ್ಬಿಯ ತುಂಬ ಹುಳ. ಒಂದು ಬೊಗಸೆ ಬಿತ್ತಿದ್ದಕ್ಕೆ ಹನ್ನೊಂದು ಸಸಿ ಎದ್ದವು. ಅತ್ತೆ ಮೂರು ದಿನ ಊಟದ ಹೊತ್ತಿಗೆಲ್ಲ “ತಂಪು ಹೊಕ್ಕಿತು, ಡಬ್ಬಿ ಬಾಯಿ ತಗದವರು ಯಾರು” ಎಂದು ಗೋಡೆಗೆ ಹೇಳಿದರು. ಗೋಡೆಯ ಈ ಕಡೆ ನಾನು ಉಣ್ಣುತ್ತಿದ್ದೆ.

ನನಗೂ ಹಟ ಬಂತು. ಆ ಹನ್ನೊಂದು ಬಳ್ಳಿಯಿಂದ ಈ ಸಲ ಬಂದ ಬೀಜವನ್ನು ನಾನೇ ಇಡುತ್ತೇನೆ ಎಂದೆ. ಬಳ್ಳಿಯಲ್ಲೇ ಒಣಗಿದ ಕಾಯಿ ಕಿತ್ತು, ಹತ್ತು ದಿನ ನೆರಳಿನಲ್ಲಿ ಆರಿಸಿದೆ. ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕು, ಹಲ್ಲಿನ ಗುರುತು ಬೀಳಬಾರದು. ಅಷ್ಟು ಒಣಗಿತು. ಗಾಳಿಯಾಡದ ಗಾಜಿನ ಬಾಟಲಿ ಕೊಂಡೆ. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಒಂದು ಹುಳ ಕಂಡರೂ ಮತ್ತೆ ಮೂರು ದಿನ ಗೋಡೆಯ ಪುರಾಣ ಕೇಳಬೇಕಲ್ಲ! ಬೀಜದ ಅಂಗಡಿಗೆ ಹೋಗಿ ಪುಡಿ ತಂದೆ. ಅಂಗಡಿಯವ ತೆಲುಗಿನಲ್ಲಿ ಎರಡು ಸಲ ಕೇಳಿದ, ತಿನ್ನುವ ಕಾಳಿಗಲ್ಲ ತಾನೇ, ಬಿತ್ತುವುದಕ್ಕೇ ತಾನೇ ಎಂದು. ಬಿತ್ತುವುದಕ್ಕೇ ಎಂದೆ. ಪುಡಿ ಬೂದಿಯ ಬಣ್ಣದ್ದೇ ಇತ್ತು. ಅತ್ತೆ ಕಂಡರೂ ಬೂದಿ ಎಂದುಕೊಳ್ಳಲಿ ಎಂದು ಒಳಗೊಳಗೇ ನಕ್ಕಿದ್ದೂ ಉಂಟು. ಬಾಟಲಿಯ ಮೇಲೆ ಏನನ್ನೂ ಬರೆಯಲಿಲ್ಲ. ಬರೆದರೆ ಅತ್ತೆ ಓದುತ್ತಾರೆ.

ಮನೆಯಲ್ಲಿ ಬೀಜಕ್ಕಿಟ್ಟ ಕಾಳನ್ನು ಯಾರೂ ತಿನ್ನುವುದಿಲ್ಲ, ಹಸಿವಾದರೂ ತಿನ್ನುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಎಳ್ಳಮವಾಸ್ಯೆಯ ದಿನ ಮಾತ್ರ ಅತ್ತೆಯ ಮನೆತನದವರು ಪ್ರತಿ ಬೀಜದ ಡಬ್ಬಿಯಿಂದ ಒಂದು ಬೊಗಸೆ ತೆಗೆದು ಭಜ್ಜಿಗೆ ಹಾಕುತ್ತಾರೆ, ಅದನ್ನು ಭೂಮಿತಾಯಿಗೆ ಎಡೆ ಮಾಡಿ ಉಣ್ಣುತ್ತಾರೆ ಎಂಬುದು ಗೊತ್ತಿರಲಿಲ್ಲ. ಹೋದ ವರ್ಷ ಹಾಕಲು ಹುಳವಿಲ್ಲದ ಕಾಳೇ ಇರಲಿಲ್ಲ, ಹಾಗಾಗಿ ಮಾತೂ ಬಂದಿರಲಿಲ್ಲ. ಈ ವರ್ಷ ಹಬ್ಬದ ದಿನ ಬೆಳಗಿನ ನಾಲ್ಕಕ್ಕೇ ಅಡುಗೆಮನೆಯಲ್ಲಿ ಐದು ಪಾತ್ರೆಯಲ್ಲಿ ಐದು ಬಗೆಯ ಕಾಳು ಬಿಸಿನೀರಿನಲ್ಲಿ ನೆನೆದಿದ್ದವು. ನಾನು ಆ ಪಾತ್ರೆಗಳ ನಡುವೆಯೇ ಚಹಾ ಮಾಡಿಕೊಂಡು, ಒಂದರೊಳಗೂ ಇಣುಕದೆ ಆಫೀಸಿಗೆ ಹೋದವಳು.

ಫೋನು ಕಿವಿಯಲ್ಲೇ ಇತ್ತು. ಆಗ ನಾನು ಒಂದೇ ಮಾತು ಹೇಳಬೇಕಿತ್ತು: ಅತ್ತೀ, ಅದು ವಿಷ. ಅವರು ಹದಿನೈದು ಜನರ ಮುಂದೆ ನನ್ನನ್ನು ಹೊಗಳುತ್ತಿದ್ದರು. ನನ್ನ ಬಾಯಿಂದ ಬಂದದ್ದೇ ಬೇರೆ.

“ಅತ್ತೀ, ಆ ಭಜ್ಜಿ ಯಾರೂ ತಿನಬ್ಯಾಡ್ರಿ. ಆ ಕಾಳಿಗೆ ಹುಳಾ ಹತ್ತಿದ್ದವು. ನಾ ನೋಡೀನಿ.”

“ಹುಳಾ?” ಅಂದರು. “ಒಂದೊಂದ ಕಾಳು ಆರಿಸಿ ಹಾಕೀನಿ. ಐವತ್ತು ವರ್ಷ ಬೀಜಾ ಆರಿಸಿದ ಕೈ ಇದು. ನನಗ ಹುಳಾ ತೋರಸ್ತೀ ಏನು ನೀ?”

“ಹಂಗಲ್ರೀ ಅತ್ತೀ, ನಾ ಹೇಳೂದು...”

“ಇರ್ಲಿ ಬಿಡವಾ. ಹೊಗಳಿದ್ದು ನನ್ನ ತಪ್ಪು. ಹುಳಾ ಅದಾವೋ ಇಲ್ಲೋ, ಎಲ್ಲಾರಕಿಂತ ಮೊದಲ ನಾನ ಉಂಡು ತೋರಸ್ತೀನಿ.”

ಫೋನು ಇಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲಕ್ಕೆ ಸ್ವಿಚ್ ಆಫ್.

ನನ್ನ ಏಳು ವರ್ಷದ ಮಗಳು ಪಿಂಕಿ ಅಲ್ಲೇ ಇದ್ದಳು. ಹಬ್ಬ ನೋಡಲಿ ಎಂದು ಅತ್ತೆಯೇ ಅವಳ ಶಾಲೆ ಬಿಡಿಸಿ ಇಟ್ಟುಕೊಂಡಿದ್ದರು. ಸಂಗಣ್ಣನ ಮೂರು ಮಕ್ಕಳು, ಎದುರು ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಆರೇಳು ಜನ, ಅವರ ಕೂಸುಗಳು. ಊರಿನಲ್ಲಿ ಹೊಲದಲ್ಲಿ ಕೂತು ಉಣ್ಣುವ ಹಬ್ಬವನ್ನು ಅತ್ತೆ ಆ ಪ್ಲಾಟಿನಲ್ಲಿ ಮಾಡುತ್ತಿದ್ದರು, ನಮ್ಮ ಕಡೆಯವರು ಯಾರು ಸಿಕ್ಕರೂ ಕರೆಯುತ್ತಿದ್ದರು. ಅವರೆಲ್ಲರಿಗೂ ನಾನೇ ಕೈಯಾರೆ ವಿಷ ಬಡಿಸಿದ ಹಾಗೆ ಕಣ್ಣಿಗೆ ಕಟ್ಟಿತು.

ಮ್ಯಾನೇಜರಿಗೆ ಏನು ಹೇಳಿದೆನೋ ನೆನಪಿಲ್ಲ. ಲಿಫ್ಟು ಎರಡನೇ ಮಹಡಿಯಲ್ಲಿ ನಿಂತೇ ಇತ್ತು. ಮೆಟ್ಟಿಲಲ್ಲಿ ಇಳಿದೆ. ಇಳಿಯುತ್ತ ಗಂಡ ಶರಣಕುಮಾರನಿಗೆ ಫೋನು ಮಾಡಿದೆ. ಸಿಕಂದರಾಬಾದಿನ ಆಫೀಸಿನಲ್ಲಿರುವ ಮನುಷ್ಯ, ಮೀಟಿಂಗು ಅಂತ ಕಟ್ ಮಾಡಿದ. ಮೆಸೇಜಿನಲ್ಲಿ “ಭಜ್ಜಿಯಲ್ಲಿ ವಿಷ” ಎಂದು ಬರೆದೆ. ಅಕ್ಷರಗಳನ್ನು ನೋಡಿದೆ. ಅಳಿಸಿ “ಅರ್ಜೆಂಟ್, ಫೋನ್ ಮಾಡು” ಎಂದಷ್ಟೇ ಕಳಿಸಿದೆ. ಆ ಹೊತ್ತಿನಲ್ಲೂ ನನಗೆ ನನ್ನ ಮರ್ಯಾದೆಯದೇ ಚಿಂತೆ ಎಂದರೆ ನಂಬುತ್ತೀರಾ? ನಂಬಿ, ಅದು ನಿಜ.

ರಸ್ತೆಗೆ ಬಂದು ಆಟೋ ಹಿಡಿದು ಬಂಡೆಮ್ಮನಿಗೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು, ಮಕ್ಕಳ ಗದ್ದಲ.

“ಬಂಡೆಮ್ಮ, ಅತ್ತಿಯವರಿಗೆ ಫೋನ್ ಕೊಡು.”

“ದೊಡ್ಡಮ್ಮಾರು ಪೂಜಾ ಮಾಡಾಕತ್ತಾರ್ರೀ ಅಕ್ಕಾರ. ನಿಮ್ಮ ಫೋನ್ ಬಂದ್ರ ಕೊಡಬ್ಯಾಡ ಅಂದಾರ. ಭಾಳ ಸಿಟ್ಟಾಗ್ಯಾರ.”

“ಊಟಾ ಶುರು ಆಗೇತೇನು?”

“ಇನ್ನಾ ಇಲ್ರೀ. ಈಗ ಚರಗಾ ಚೆಲ್ಲಾಕ ಹೊಂಟಾರ.”

ಚರಗವೆಂದರೆ ಉಣ್ಣುವ ಮೊದಲು ನಾಲ್ಕೂ ದಿಕ್ಕಿಗೆ ಅನ್ನ ಚೆಲ್ಲಿ ಭೂಮಿಗೆ ಉಣಿಸುವುದು. ಎಷ್ಟು ನಿಧಾನ ಮಾಡಿದರೂ ಹತ್ತು ನಿಮಿಷ. ನನ್ನ ದಾರಿ ಮೂವತ್ತು ನಿಮಿಷದ್ದು.

“ನಾ ಬರೂತನಕಾ ಯಾರಿಗೂ ಉಣ್ಣಾಕ ಬಿಡಬ್ಯಾಡ,” ಅಂದೆ.

“ಯಾಕ್ರೀ?”

ಈಗಲಾದರೂ ಹೇಳಬೇಕಿತ್ತು. ಆದರೆ ಬಂಡೆಮ್ಮನಿಗೆ ಹೇಳಿದರೆ ಪ್ಲಾಟಿಗೆಲ್ಲ ಗೊತ್ತಾಗುತ್ತದೆ, ನಾಳೆ ಅಪಾರ್ಟ್‌ಮೆಂಟಿನ ಎಂಟೂ ಮನೆಗೆ. “ಸುಮ್ಮನ ಹೇಳಿದಷ್ಟು ಕೇಳು,” ಅಂದೆ. ಮನೆಕೆಲಸದವಳ ಮೇಲೆ ದನಿ ಏರಿಸುವುದು ಎಷ್ಟು ಸುಲಭ!

“ನಾ ಹೆಂಗ ತಡೀಲ್ರೀ ದೊಡ್ಡಮ್ಮಾರನ್ನ?” ಎಂದಳು. ಅವಳ ಮಾತೂ ನ್ಯಾಯವೇ. ಯಾರೋ ಅವಳನ್ನು ಕರೆದರು, ಫೋನು ಇಟ್ಟಳು.

ಆಟೋ ಫ್ಲೈಓವರಿನ ಕೆಳಗೆ ಬಂದು ನಿಂತಿತು. ಮುಂದೆ ಕಂಪನಿಯ ಬಸ್ಸು, ಹಿಂದೆ ಕ್ಯಾಬು, ಎಡಕ್ಕೆ ನೀರಿನ ಟ್ಯಾಂಕರು. ಅಲುಗಾಡಲು ಜಾಗವಿಲ್ಲ. ನನಗೆ ಅಳು ಬಂತು. ಕರವಸ್ತ್ರ ಬಾಯಿಗಿಟ್ಟುಕೊಂಡರೂ ಸದ್ದು ತಡೆಯಲಿಲ್ಲ. ಆಟೋದವನು ಬಿಳಿ ಗಡ್ಡದ ಮುದುಕ. ಕನ್ನಡಿಯಲ್ಲಿ ನೋಡಿ, “ಕ್ಯಾ ಹುವಾ ಅಮ್ಮಾ, ಕಾಯ್ಕು ರೋರೇ?” ಎಂದ.

ಯಾಕೆ ಅಳುತ್ತೀರಿ ಎಂದು ಕೇಳಿದ್ದಷ್ಟೇ. ಗಂಡನಿಗೆ ಬರೆಯದ, ಅತ್ತೆಗೆ ಹೇಳದ ಮಾತನ್ನೆಲ್ಲ ಆ ಗುರುತಿಲ್ಲದ ಮನುಷ್ಯನಿಗೆ ಹರಕು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದೆ. ಬೀಜಕ್ಕೆ ವಿಷ ಹಾಕಿದ್ದೆ, ಅತ್ತೆ ಬೂದಿ ಅಂದುಕೊಂಡು ಅಡುಗೆ ಮಾಡಿದ್ದಾರೆ, ಮಕ್ಕಳು ಉಣ್ಣಲು ಕೂತಿದ್ದಾರೆ, ನಾನು ಹುಳ ಅಂತ ಸುಳ್ಳು ಹೇಳಿದೆ. ಅವನು ಪೂರ್ತಿ ತಿರುಗಿ ಕೂತು ನನ್ನ ಮುಖ ನೋಡಿದ.

“ಮೇರೇಕು ಕಾಯ್ಕು ಬೋಲ್ರೇ ಅಮ್ಮಾ?” ಎಂದ. “ಉನೋಂಕು ಬೋಲೋ.”

ನನಗೇಕೆ ಹೇಳುತ್ತೀರಿ, ಅವರಿಗೆ ಹೇಳಿ. ಅಷ್ಟೇ ಅಂದದ್ದು, ಬೈಯಲೂ ಇಲ್ಲ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮತ್ತೆ ಬಂಡೆಮ್ಮನ ನಂಬರು ಒತ್ತಿದೆ. ರಿಂಗಾಯಿತು, ರಿಂಗಾಯಿತು, ಕಟ್ಟಾಯಿತು. ಇನ್ನೊಮ್ಮೆ. ಆರು, ಏಳು, ಎಂಟು ರಿಂಗು.

“ಹೇಳ್ರೀ ಅಕ್ಕಾರ.”

“ಬಂಡೆಮ್ಮ, ಆ ಭಜ್ಜಿಯಾಗ ವಿಷಾ ಐತಿ. ಬಾಟಲ್ಯಾಗಿಂದು ಬೂದಿ ಅಲ್ಲ, ಹುಳದ ಔಷಧ. ನಾನ ಹಾಕೀನಿ. ಕೂಸುಗಳ ಬಾಯಿಗೆ ಹೋಗೂದರಾಗ ಗಡಿಗಿ ಒದಿ.”

ಅವಳು ಯಾಕೆ ಎಂದು ಕೇಳಲಿಲ್ಲ. ಫೋನು ನೆಲಕ್ಕೆ ಬಿದ್ದ ಸದ್ದು ಬಂತು, ಆಮೇಲೆ ಮಡಕೆ ಒಡೆದ ಸದ್ದು. ಹಬ್ಬದ ದಿನ, ಎಡೆ ಮಾಡಿದ ಗಡಿಗೆಯನ್ನು ಕಾಲಿನಿಂದ ಒದೆಯುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಒಬ್ಬ ಗಂಡಸು ಬೈದ. ಮಕ್ಕಳು ಅತ್ತವು. ಬಂಡೆಮ್ಮ ಕೂಗಿ ಏನೋ ಹೇಳಿದಳು, ಎಲ್ಲ ಸದ್ದೂ ಒಮ್ಮೆಲೇ ನಿಂತಿತು. ಮಿಕ್ಸರೊಂದೇ ತಿರುಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳ ದನಿ ಬಂತು.

“ಅಕ್ಕಾರ, ದೊಡ್ಡಮ್ಮಾರು ಉಂಡಾರ್ರೀ.”

“ಪಿಂಕಿ?”

“ಇಲ್ರೀ. ಕೂಸು ಉಂಡಿಲ್ಲ. ಯಾರೂ ಉಂಡಿಲ್ಲ. ದೊಡ್ಡಮ್ಮಾರು ಎಲ್ಲಾರಿಗೂ ತಡೀರಿ ಅಂದು ತಾವೊಬ್ರ ಉಣ್ಣಾಕತ್ತಿದ್ರು. ಮೂರು ತುತ್ತು ಉಂಡಾರ.”

ಪಿಂಕಿ ಉಂಡಿಲ್ಲ ಎಂದು ಕೇಳಿ ನನಗೆ ಸಂತೋಷವಾಯಿತು. ಅತ್ತೆ ಉಂಡಿದ್ದಾರೆ ಎಂಬುದನ್ನು ಕೇಳಿದ ಮೇಲೂ ಸಂತೋಷವಾಯಿತು. ಅದಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ಮುದುಕ ಆಟೋವನ್ನು ಫುಟ್‌ಪಾತಿನ ಮೇಲೆ ಹತ್ತಿಸಿ, ಎದುರು ಬಂದವರ ಬೈಗುಳ ತಿಂದು, ಗಲ್ಲಿಗಳಲ್ಲಿ ಹಾಯ್ದು ಹದಿನಾಲ್ಕು ನಿಮಿಷದಲ್ಲಿ ಪ್ಲಾಟಿಗೆ ತಂದ. ಭಜ್ಜಿ ಮಣ್ಣಿನಲ್ಲಿ ಚೆಲ್ಲಿತ್ತು. ಸಂಗಣ್ಣ ಅದರ ಮೇಲೆ ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದ, ಬಂಡೆಮ್ಮ ಕೋಲು ಹಿಡಿದು ನಾಯಿಗಳನ್ನು ಓಡಿಸುತ್ತಿದ್ದಳು. ಪಿಂಕಿ ಓಡಿಬಂದು ನನ್ನ ಸೊಂಟ ಹಿಡಿದುಕೊಂಡಳು. ಬೇವಿನ ಮರದ ಕೆಳಗೆ ಅತ್ತೆ ನೆಟ್ಟಗೆ ಕೂತಿದ್ದರು. ಹೊಸ ಇಳಕಲ್ ಸೀರೆ, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ತುಟಿ ನಡುಗುತ್ತಿತ್ತು. ನನ್ನನ್ನು ಕಂಡ ಕೂಡಲೇ ಅವರು ಅಂದ ಮೊದಲ ಮಾತು, “ಹುಳಾ ಇದ್ದಿಲ್ಲ.”

“ಇದ್ದಿಲ್ರೀ ಅತ್ತೀ,” ಅಂದೆ. ಎಲ್ಲರೂ ಕೇಳುವಂತೆಯೇ ಅಂದೆ. “ಹುಳಾ ಅಂದಿದ್ದು ಸುಳ್ಳು. ನಿಮಗ ಹೇಳದಂಗ ಔಷಧ ಬೆರಸಿದ್ದೆ. ನಿಮ್ಮ ಬೂದಿಗೆ ಸೋಲಬಾರದು ಅಂತ ಹಾಕಿದೆ.”

ಅವರು ಏನೋ ಹೇಳಹೊರಟು ಬಗ್ಗಿದರು, ವಾಂತಿಯಾಯಿತು. ನಾನೂ ಸಂಗಣ್ಣನೂ ಎತ್ತಿ ಆಟೋದಲ್ಲಿ ಕೂರಿಸಿದೆವು. ಅತ್ತೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ಮನೆಯ ಕೀಲಿ ಬಿಚ್ಚಿ ಬಂಡೆಮ್ಮನ ಕೈಗಿಟ್ಟು, ಪಿಂಕಿಯನ್ನು ಮನೆಗೆ ಕರೆದುಕೊಂಡು ಹೋಗೆಂದೆ. ಆಟೋದವನು ಮೀಟರಿನ ಮಾತೇ ಎತ್ತದೆ ಆಸ್ಪತ್ರೆಯ ಕಡೆ ತಿರುಗಿಸಿದ.

ಎಮರ್ಜೆನ್ಸಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆಯ ಕಣ್ಣಿಗೆ ಟಾರ್ಚು ಬಿಡುತ್ತ, ಏನು ಔಷಧಿ ಎಂದು ಕೇಳಿದಳು. ಹೆಸರು ಗೊತ್ತಿರಲಿಲ್ಲ. ಕೊಂಡವಳು ನಾನು, ಬೆರೆಸಿದವಳು ನಾನು, ಹೆಸರು ಓದಿರಲಿಲ್ಲ.

“ಪ್ಯಾಕೆಟ್ಟಿನ ಮೇಲೆ ಬಣ್ಣದ ತ್ರಿಕೋನ ಇರುತ್ತದಲ್ಲ, ಅದು ಯಾವ ಬಣ್ಣ? ಕೆಂಪಾ, ಹಳದಿಯಾ, ನೀಲಿಯಾ, ಹಸಿರಾ?” ಎಂದಳು ತೆಲುಗಿನಲ್ಲಿ.

“ಬಣ್ಣದಿಂದ ಏನಾಗುತ್ತದೆ?”

“ಕೆಂಪಾದರೆ ತೀರಾ ವಿಷ, ಹಸಿರಿನ ಕಡೆಗೆ ಹೋದಷ್ಟೂ ಕಡಿಮೆ. ಬೇಗ ಹೇಳಿ.”

ಪ್ಯಾಕೆಟ್ಟನ್ನು ಬಾಲ್ಕನಿಯ ಗೊಬ್ಬರದ ಚೀಲದ ಕೆಳಗೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಚ್ಚಿಟ್ಟಿದ್ದೆ. ಬಂಡೆಮ್ಮನಿಗೆ ಫೋನು ಮಾಡಿ ಹೇಳಿದೆ. ಚೀಲ ಎಳೆದ ಸದ್ದು, ಕುಂಡ ಉರುಳಿದ ಸದ್ದು, ಪ್ಲಾಸ್ಟಿಕ್ ಬಿಚ್ಚುವ ಚರಚರ. ಪರದೆಯ ಆಚೆ ಅತ್ತೆ ಮತ್ತೆ ವಾಂತಿ ಮಾಡಿಕೊಂಡರು, ನರ್ಸು ಓಡಿದಳು.

“ಸಿಕ್ತ್ರೀ ಅಕ್ಕಾರ. ನನಗ ಓದಾಕ ಬರಂಗಿಲ್ಲ.”

“ಓದೂದು ಬ್ಯಾಡ. ಮೂರು ಮೂಲಿದೊಂದು ಗುರುತು ಐತಿ ನೋಡು. ಅದರ ಬಣ್ಣ ಹೇಳು.”

“ಮಣ್ಣು ಹತ್ತೇತ್ರೀ. ತಡೀರಿ ಒರಸ್ತೀನಿ.”

ಡಾಕ್ಟರು ಪರದೆಯಿಂದ ತಲೆ ಹೊರಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಕೆಂಪು ಎಂದುಬಿಟ್ಟರೆ ಶರಣಕುಮಾರನಿಗೆ ನಾನು ಏನೆಂದು ಹೇಳುವುದು? ನಿನ್ನ ತಾಯಿಯನ್ನು ಒಂದು ಬಾಟಲಿ ಅವರೆಕಾಳಿನ ಹಟಕ್ಕೆ ಕೊಂದೆ ಎನ್ನುವುದೇ?

“ಪಿಂಕಿ ಇಸ್ಕೂಲ್ ಚೀಲ ಐತಲ್ರೀ,” ಎಂದಳು ಬಂಡೆಮ್ಮ, “ಆ ಬಣ್ಣರೀ.”

ಪಿಂಕಿಯ ಚೀಲ ನೀಲಿ. ಅದನ್ನು ನೆನಪು ಮಾಡಿಕೊಳ್ಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ. “ನೀಲಿ,” ಎಂದೆ ಡಾಕ್ಟರಿಗೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಹೊಟ್ಟೆ ತೊಳೆದರು, ಸಲೈನು ಹಾಕಿದರು. ಒಂದು ಗಂಟೆಯಾದ ಮೇಲೆ ಹೊರಗೆ ಬಂದು, ಕಾಳು ತೊಳೆದು ಬೇಯಿಸಿದ್ದಕ್ಕೂ ಮೂರೇ ತುತ್ತು ಉಂಡದ್ದಕ್ಕೂ ಬದುಕಿದರು, ಆದರೂ ನಾಳೆಯವರೆಗೆ ಇಲ್ಲೇ ಇರಲಿ ಎಂದಳು. ಮಗುವಿನ ಹೊಟ್ಟೆಗೆ ಹೋಗಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು.

ಶರಣಕುಮಾರ ನಾಲ್ಕೂವರೆಗೆ ಬಂದ. ಅಷ್ಟರಲ್ಲಿ ಅತ್ತೆಯನ್ನು ವಾರ್ಡಿಗೆ ತಂದಿದ್ದರು. ಮಗನನ್ನು ಕಂಡವರೇ ಅವರು, “ಬಿಸಲಾಗ ಕುಂತಿದ್ದೆ, ಭಜ್ಜಿ ಹೊಟ್ಟಿಗೆ ಹತ್ತಲಿಲ್ಲ ನೋಡಪಾ,” ಎಂದು ಶುರು ಮಾಡಿದರು. ನನ್ನನ್ನು ಉಳಿಸಲೆಂದು ಆಡಿದ ಸುಳ್ಳು ಎಂದು ನನಗೆ ತಿಳಿಯಿತು. ಅವತ್ತಿನ ಮಟ್ಟಿಗೆ ನನಗೆ ಸುಳ್ಳು ಸಾಕಾಗಿಹೋಗಿತ್ತು. ಇಲ್ಲ, ನಾನು ಬೀಜಕ್ಕೆ ಔಷಧಿ ಹಾಕಿ ಬಚ್ಚಿಟ್ಟಿದ್ದೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಪಿಂಕಿಯನ್ನು ನೋಡಿ ಬರುತ್ತೇನೆ ಎಂದು ಹೊರಟುಹೋದ.

ನಾನೂ ಅತ್ತೆಯೂ ಉಳಿದೆವು. ಅವರ ಗಂಟಲು ಕೊಳವೆ ಹಾಕಿ ಗೊಗ್ಗರಾಗಿತ್ತು. ನೀರು ಕೇಳಿದರು, ಚಮಚದಲ್ಲಿ ಕೊಟ್ಟೆ.

“ಅತ್ತೀ,” ಅಂದೆ, “ವಿಷಾ ಅಂತ ಮೊದಲ ಹೇಳಿದ್ರ ನೀವು ಉಣತಿದ್ದಿಲ್ಲ. ಹುಳಾ ಅಂತ ಸುಳ್ಳು ಹೇಳಿದ್ದಕ್ಕ ಉಂಡ್ರಿ.”

ಅವರು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದರು.

“ಮೊದಲನೇ ತುತ್ತಿಗೇ ಗೊತ್ತಾತು,” ಅಂದರು.

“ಏನ್ರೀ?”

“ಬೂದಿ ಅಲ್ಲ ಅಂತ. ಬೂದಿ ರುಚಿ ನನಗ ಗೊತ್ತಿಲ್ಲೇನು? ನಾಲಿಗಿ ಚುರು ಅಂತು. ಏನೋ ಔಷಧ ಹಾಕ್ಯಾಳ ಈಕಿ ಅಂದ್ಕೊಂಡೆ. ಪಿಂಕಿ ತಾಟು ಹಿಂದ ಸರಿಸಿದೆ. ಉಪ್ಪು ಕಡಿಮಿ ಆಗೇತಿ, ಯಾರೂ ಮುಟ್ಟಬ್ಯಾಡ್ರಿ ತಡೀರಿ ಅಂದೆ.”

“ಮತ್ತ ಎರಡನೇ ತುತ್ತು ಯಾಕ ಉಂಡ್ರಿ?”

“ಮಂದಿ ನೋಡಾಕತ್ತಿದ್ರಲ್ಲ. ನನ್ನ ಸೊಸಿ ನನ್ನಂಗ ಬೂದಿ ಹಾಕಿ ಬೀಜಾ ಇಟ್ಟಾಳ ಅಂತ ಅವರ ಮುಂದೆಲ್ಲಾ ಹೇಳಿಕೊಂಡಿದ್ದೆ. ಉಗುಳಿದ್ರ ಏನಂತಿದ್ರು?” ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. “ಮೂರನೇದು ನುಂಗೂದರಾಗ ಬಂಡೆಮ್ಮ ಗಡಿಗಿ ಒದ್ಲು. ಚಲೋ ಆತು ಒದ್ದಿದ್ದು. ಇಲ್ಲಾಂದ್ರ ತಾಟು ಪೂರಾ ಮುಗಸ್ತಿದ್ದೆ.”

ಅವರು ಕಣ್ಣು ಮುಚ್ಚಿದರು. ನಾನು ಚಮಚ ಕೆಳಗಿಟ್ಟು, ಸಲೈನು ಹಾಕದ ಅವರ ಇನ್ನೊಂದು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಶರಣಕುಮಾರ ವಾಪಸ್ಸು ಬರುವವರೆಗೂ ಬಿಡಲಿಲ್ಲ.